ಹಾಡು ಕಾಪಿ ಮಾಡುವವರನ್ನು ತಡೆಯಲು ಇಡೀ ಇಂಟರ್ನೆಟ್‌ಗೆ ಬೀಗ ಹಾಕಬೇಕಾ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಹಾಡುಗಳನ್ನೆಲ್ಲ ಟೊರೆಂಟ್‌ನಲ್ಲೇ, ಅಂದರೆ ಜನ ಒಬ್ಬರಿಂದೊಬ್ಬರು ನೇರವಾಗಿ ಫೈಲ್ ಪಡೆಯುವ ವ್ಯವಸ್ಥೆಯಲ್ಲೇ, ಇಳಿಸಿಕೊಳ್ಳುತ್ತಾನೆ. ತಪ್ಪಲ್ವಾ ಎಂದರೆ, "ಯಾರ ವಸ್ತುವನ್ನೂ ಎತ್ತಿಕೊಂಡಿಲ್ಲ, ಸುಮ್ನೆ ಒಂದು ಕಾಪಿ ಮಾಡಿಕೊಂಡೆ, ಅವರ ಹಾಡು ಅವರ ಹತ್ತಿರವೇ ಇದೆ" ಎನ್ನುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ಅವನ ಮಾತಿನಲ್ಲಿ ಅರ್ಧ ನಿಜ ಇದೆ. ಮೊದಲು ಅದನ್ನು ಒಪ್ಪಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಮುಂದಿನ ಮಾತು ಅವನ ಕಿವಿಗೆ ಬೀಳುವುದಿಲ್ಲ. ಸೈಕಲ್ ಕದ್ದರೆ ಅದರ ಒಡೆಯ ನಡೆದುಕೊಂಡು ಹೋಗಬೇಕಾಗುತ್ತದೆ. ಹಾಡು ಹಾಗಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1985ರಲ್ಲೇ ಈ ವ್ಯತ್ಯಾಸವನ್ನು ಗುರುತಿಸಿತ್ತು. ಎಲ್ವಿಸ್ ಪ್ರೀಸ್ಲಿ ಹಾಡುಗಳ ರೆಕಾರ್ಡ್‌ಗಳನ್ನು ಅನುಮತಿ ಇಲ್ಲದೆ ಒತ್ತಿಸಿ ಮಾರಿದವನ ಕೇಸ್ ಅದು. ಕಾಪಿರೈಟ್ ಮುರಿದದ್ದು ಬೇರೆ ತಪ್ಪು, ಅದರಿಂದ ಆ ರೆಕಾರ್ಡ್‌ಗಳು 'ಕದ್ದ ಮಾಲು' ಆಗುವುದಿಲ್ಲ ಎಂದು ಕೋರ್ಟ್ ಹೇಳಿತು.

ಇನ್ನರ್ಧ ಇದೆಯಲ್ಲ, ಅದನ್ನು ಅವನು ಯೋಚಿಸಿಲ್ಲ. ಹಾಡಿನ ಖರ್ಚೆಲ್ಲ ಮೊದಲ ಕಾಪಿಯಲ್ಲೇ ಇರುತ್ತದೆ. ಸಾಹಿತ್ಯ ಬರೆದವರು, ರಾಗ ಹಾಕಿದವರು, ಹಾಡಿದವರು, ವಾದ್ಯ ನುಡಿಸಿದವರು, ಸ್ಟುಡಿಯೋದಲ್ಲಿ ಕೂತು ಮಿಕ್ಸಿಂಗ್ ಮಾಡಿದವರು, ಇವರೆಲ್ಲರ ದುಡಿಮೆ ಅದರಲ್ಲಿದೆ. ಎರಡನೇ ಕಾಪಿಗೆ ಖರ್ಚೇ ಇಲ್ಲ. ಆದರೆ ಮೊದಲ ಕಾಪಿಯ ಖರ್ಚು ವಾಪಸ್ ಬರುವುದು ಆಮೇಲಿನ ಕಾಪಿಗಳಿಂದಲೇ. ಎಲ್ಲರೂ ನಿಮ್ಮ ಮಗನ ಹಾಗೆ ಯೋಚಿಸಿದರೆ ಆ ಖರ್ಚು ವಾಪಸ್ ಬರುವುದೇ ಇಲ್ಲ. ಜೊತೆಗೆ, ನನ್ನ ಹಾಡನ್ನು ಯಾರು ಹೇಗೆ ಹಂಚಬೇಕು ಎಂದು ಹೇಳುವ ಹಕ್ಕು ಮಾಡಿದವರದ್ದು. ಅವನು ಕಿತ್ತುಕೊಂಡದ್ದು ಆ ಹಕ್ಕನ್ನು.

ಆದರೆ "ಟೊರೆಂಟ್ ಅಂದರೇನೇ ಕೆಟ್ಟದ್ದು" ಎಂದು ಮಾತ್ರ ಹೇಳಬೇಡಿ. ಲಿನಕ್ಸ್‌ನಂಥ ಉಚಿತ ತಂತ್ರಾಂಶಗಳನ್ನು ಟೊರೆಂಟ್ ಮೂಲಕವೇ ಹಂಚುತ್ತಾರೆ. ತಮ್ಮ ಹಾಡನ್ನು ಯಾರು ಬೇಕಾದರೂ ಹಂಚಿಕೊಳ್ಳಲಿ ಎಂದು ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿ ಬಿಡುವ ಸಂಗೀತಗಾರರೂ ಇದ್ದಾರೆ. ಅಲ್ಲಿ ಹಂಚುವುದರಲ್ಲಿ ತಪ್ಪೇ ಇಲ್ಲ, ಕೊಟ್ಟವರೇ ಹಂಚಿ ಎಂದಿದ್ದಾರೆ.

ಪ್ರಶ್ನೆ: ನಾನು ಟೊರೆಂಟ್‌ನಿಂದ ಹಾಡು ಇಳಿಸಿಕೊಳ್ಳುತ್ತೇನೆ ಅಷ್ಟೆ, ಯಾರಿಗೂ ಕೊಡುವುದಿಲ್ಲ. ನನಗೂ ತೊಂದರೆ ಬರಬಹುದಾ?

ಉತ್ತರ: ಕೊಡುವುದಿಲ್ಲ ಎಂದು ನೀವು ಅಂದುಕೊಂಡಿದ್ದೀರಿ. ಟೊರೆಂಟ್ ಪ್ರೋಗ್ರಾಂ ಓಡುತ್ತಿರುವಾಗ ಅದರಲ್ಲಿ 'ಪಿಯರ್ಸ್' ಎಂಬ ಪಟ್ಟಿ ತೆರೆದು ನೋಡಿ. ಸಾಲು ಸಾಲಾಗಿ ಐಪಿ ವಿಳಾಸಗಳು, ಅಂದರೆ ಇಂಟರ್ನೆಟ್‌ನಲ್ಲಿ ಒಂದೊಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳು, ಕಾಣುತ್ತವೆ. ಪ್ರತಿ ಸಾಲಿನ ಪಕ್ಕ ಎರಡು ವೇಗ ಇರುತ್ತದೆ, ಒಂದು ಬರುವುದರದ್ದು, ಇನ್ನೊಂದು ಹೋಗುವುದರದ್ದು. ಆ ಎರಡನೆಯದು ನಿಮ್ಮ ಕಂಪ್ಯೂಟರ್‌ನಿಂದ ಬೇರೆಯವರಿಗೆ ಹೋಗುತ್ತಿರುವ ಹಾಡು.

ಇದು 2001ರಲ್ಲಿ ಬ್ರಾಮ್ ಕೋಹೆನ್ ಬರೆದ ಬಿಟ್‌ಟೊರೆಂಟ್ ಕೆಲಸ ಮಾಡುವ ರೀತಿ. 8 ಎಂಬಿಯ ಹಾಡೊಂದನ್ನು 256 ಕೆಬಿಯ 32 ತುಂಡು ಮಾಡಿದ್ದಾರೆ ಎಂದುಕೊಳ್ಳಿ. ನಿಮಗೆ ಐದನೇ ತುಂಡು ಸಿಕ್ಕಿದ ಕೂಡಲೇ, ಅದು ಇಲ್ಲದವರಿಗೆ ನಿಮ್ಮಿಂದ ಹೋಗಲು ಶುರುವಾಗುತ್ತದೆ. ಹಾಡು ಪೂರ್ತಿ ಇಳಿಯುವ ಮೊದಲೇ ನೀವು ಹಂಚುವವರಾಗಿರುತ್ತೀರಿ. ಆ ಪಟ್ಟಿಯಲ್ಲಿ ನಿಮ್ಮ ಐಪಿ ವಿಳಾಸವೂ ಬೇರೆಯವರಿಗೆ ಕಾಣುತ್ತದೆ. ಹಕ್ಕುದಾರರ ಪರವಾಗಿ ಕಣ್ಣಿಡುವವರೂ ಅದೇ ಪಟ್ಟಿಯಲ್ಲಿ ಕೂತಿರಬಹುದು.

ಶಿಕ್ಷೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ರೆಕಾರ್ಡಿಂಗ್ ಕಂಪನಿಗಳು 2003ರಿಂದ ಸಾವಿರಾರು ಸಾಮಾನ್ಯ ಜನರ ಮೇಲೆ ಕೇಸ್ ಹಾಕಿದವು. ಬರೀ 24 ಹಾಡುಗಳಿಗಾಗಿ ಒಬ್ಬ ಮಹಿಳೆ 19 ಲಕ್ಷ ಡಾಲರ್‌ಗೂ ಜಾಸ್ತಿ ಕೊಡಬೇಕು ಎಂದು 2009ರಲ್ಲಿ ತೀರ್ಪು ಬಂತು. ಕೊನೆಗೆ ಮೇಲ್ಮನವಿಯಲ್ಲಿ 2,22,000 ಡಾಲರ್‌ಗೆ ನಿಂತಿತು. ಇದನ್ನು ನಾನು ನ್ಯಾಯ ಎನ್ನುವುದಿಲ್ಲ. 24 ಹಾಡಿಗೆ ಒಂದು ಬದುಕನ್ನೇ ಮುಳುಗಿಸುವ ಮೊತ್ತ ಅದು. ಇಷ್ಟಾದರೂ ಪೈರಸಿ ನಿಲ್ಲಲಿಲ್ಲ.

ಪ್ರಶ್ನೆ: ಪೈರಸಿ ಸೈಟ್‌ಗಳನ್ನು ಬ್ಲಾಕ್ ಮಾಡಿದರೂ ಮರುದಿನ ಬೇರೆ ಹೆಸರಲ್ಲಿ ಬರುತ್ತವೆ. ಸರ್ಕಾರಗಳು ಇಂಟರ್ನೆಟ್ ಮೇಲೆ ಇನ್ನೂ ಬಿಗಿ ಹಿಡಿತ ಇಟ್ಟುಕೊಂಡರೆ ಈ ಸಮಸ್ಯೆ ಮುಗಿಯುವುದಿಲ್ಲವಾ? ತಪ್ಪು ಮಾಡದವರಿಗೆ ಏನು ಭಯ?

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ತಪ್ಪು ಮಾಡದವರಿಗೇ ಇಲ್ಲಿ ಪೆಟ್ಟು ಬಿದ್ದದ್ದು.

ಬ್ಲಾಕ್ ಮಾಡುವ ದಾರಿಗಳು ಕೆಲವೇ. ಸೈಟಿನ ಹೆಸರನ್ನು ಐಪಿ ವಿಳಾಸಕ್ಕೆ ಬದಲಾಯಿಸುವ ಡಿಎನ್‌ಎಸ್‌ನಲ್ಲಿ ಹೆಸರು ಅಳಿಸುವುದು ಒಂದು. ಐಪಿ ವಿಳಾಸವನ್ನೇ ತಡೆಯುವುದು ಇನ್ನೊಂದು. ಮೂರನೆಯದು, ಸಾಗುವ ಮಾಹಿತಿಯನ್ನು ಬಿಚ್ಚಿ ನೋಡಿ ತಡೆಯುವುದು. ಈಗ ಬಹುಪಾಲು ಸೈಟ್‌ಗಳು ಎಚ್‌ಟಿಟಿಪಿಎಸ್ ಬಳಸುತ್ತವೆ, ಅಂದರೆ ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಕಳಿಸುತ್ತವೆ. ಹಾಗಾಗಿ ಇಂಟರ್ನೆಟ್ ಕೊಡುವ ಕಂಪನಿಗೆ ನೀವು ಯಾವ ಸೈಟ್‌ಗೆ ಹೋದಿರಿ ಎಂಬುದು ಸಾಮಾನ್ಯವಾಗಿ ಕಾಣುತ್ತದೆ, ಅಲ್ಲಿ ಯಾವ ಪುಟ ತೆರೆದಿರಿ ಎಂಬುದು ಕಾಣುವುದಿಲ್ಲ. ಒಂದು ಪುಟ ತಡೆಯಿರಿ ಎಂದು ಆದೇಶ ಬಂದರೂ ಆ ಕಂಪನಿ ತಡೆಯಬಲ್ಲದ್ದು ಇಡೀ ಸೈಟನ್ನೇ.

ಇದರ ಪರಿಣಾಮ ನೋಡಿ. 2011ರ ಫೆಬ್ರವರಿಯಲ್ಲಿ ಅಮೆರಿಕದ ಅಧಿಕಾರಿಗಳು ಮಕ್ಕಳ ಅಶ್ಲೀಲ ಚಿತ್ರಗಳ ವಿರುದ್ಧದ ಕಾರ್ಯಾಚರಣೆಯಲ್ಲಿ ಮೂ ಡಾಟ್ ಕಾಂ ಎಂಬ ಡೊಮೇನ್, ಅಂದರೆ ಸೈಟಿನ ಹೆಸರನ್ನು, ವಶಪಡಿಸಿಕೊಂಡರು. ಅದರಡಿಯಲ್ಲಿ ಸುಮಾರು 84,000 ಸಣ್ಣ ಸೈಟ್‌ಗಳಿದ್ದವು. ಯಾರದ್ದೋ ವೈಯಕ್ತಿಕ ಪುಟ, ಯಾರದ್ದೋ ಸಣ್ಣ ವ್ಯಾಪಾರ. ಅವರು ತಮ್ಮ ಸೈಟ್ ತೆರೆದರೆ ತಮ್ಮ ಫೋಟೋ, ಬರಹ ಯಾವುದೂ ಇಲ್ಲ. ಅದರ ಜಾಗದಲ್ಲಿ ಸರ್ಕಾರದ ಮುದ್ರೆ, ಮಕ್ಕಳ ಅಶ್ಲೀಲ ಚಿತ್ರಕ್ಕಾಗಿ ಈ ಡೊಮೇನ್ ವಶಪಡಿಸಿಕೊಳ್ಳಲಾಗಿದೆ ಎಂಬ ಫಲಕ. ಗ್ರಾಹಕರು, ಸ್ನೇಹಿತರು, ನೆಂಟರು, ಯಾರು ತೆರೆದರೂ ಅದೇ ಕಾಣುತ್ತಿತ್ತು. ಕೆಲವು ದಿನಗಳಲ್ಲಿ ಸರಿಪಡಿಸಿದರು, ನಿಜ. ಅಂಥ ಫಲಕ ನಿಮ್ಮ ಹೆಸರಿನ ಮೇಲೆ ಒಂದು ಗಂಟೆ ನೇತಾಡಿದರೂ ಸಾಕಲ್ಲವಾ?

ಇದೇ ಆಯುಧವನ್ನು ಹಾಡಿನ ಸೈಟ್‌ಗಳ ಮೇಲೂ ಬಳಸಿದರು. 2010ರ ನವೆಂಬರ್‌ನಲ್ಲಿ ಡಜಾಜ್1 ಎಂಬ ಹಿಪ್‌ಹಾಪ್ ಸೈಟನ್ನು ವಶಪಡಿಸಿಕೊಂಡರು. ಅದರಲ್ಲಿದ್ದ ಹಾಡುಗಳಲ್ಲಿ ಕೆಲವನ್ನು ಪ್ರಚಾರಕ್ಕೆಂದು ಸಂಗೀತ ಕಂಪನಿಯವರೇ ಕಳಿಸಿದ್ದರು ಎಂಬುದು ಸೈಟಿನವರ ವಾದ. ಒಂದು ವರ್ಷಕ್ಕೂ ಜಾಸ್ತಿ ಕಾಲ ಸೈಟ್ ಮುಚ್ಚಿತ್ತು. 2011ರ ಡಿಸೆಂಬರ್‌ನಲ್ಲಿ ಒಂದು ಆರೋಪವನ್ನೂ ಹೊರಿಸದೆ ಹಿಂದಿರುಗಿಸಿದರು. ತಪ್ಪು ಮಾಡಿದ್ದಾರೆ ಎಂದು ಯಾರೂ ಸಾಬೀತು ಮಾಡಲಿಲ್ಲ, ಶಿಕ್ಷೆ ಮಾತ್ರ ಮುಂಚೆಯೇ ಆಗಿಹೋಯಿತು. ನನಗೆ ಎಲ್ಲಕ್ಕಿಂತ ಸಂಕಟ ಕೊಡುವ ಪ್ರಕರಣ ಇದು.

ಐಪಿ ವಿಳಾಸ ತಡೆಯುವುದಂತೂ ಇನ್ನೂ ಒರಟು ಕೆಲಸ. ಒಂದೇ ವಿಳಾಸವನ್ನು ಎಷ್ಟೋ ಸೈಟ್‌ಗಳು ಹಂಚಿಕೊಂಡಿರುತ್ತವೆ. 2018ರ ಏಪ್ರಿಲ್‌ನಲ್ಲಿ ರಷ್ಯಾ ಟೆಲಿಗ್ರಾಂ ಎಂಬ ಸಂದೇಶ ಕಳಿಸುವ ಆ್ಯಪ್ ಒಂದನ್ನು ನಿಲ್ಲಿಸಲು ಹೋಗಿ ಅಮೆಜಾನ್, ಗೂಗಲ್‌ನ ಒಂದೂವರೆ ಕೋಟಿಗೂ ಜಾಸ್ತಿ ಐಪಿ ವಿಳಾಸಗಳನ್ನು ತಡೆಯಿತು. ಏನೂ ಸಂಬಂಧವಿಲ್ಲದ ಸೇವೆಗಳು ನಿಂತವು. ಟೆಲಿಗ್ರಾಂ ಮಾತ್ರ ನಡೆಯುತ್ತಲೇ ಇತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು, ನೆಗಡಿ ಹೋಗಲಿಲ್ಲ.

ಇನ್ನು, ಒಮ್ಮೆ ಕಟ್ಟಿದ ಬೇಲಿ ಕಟ್ಟಿದಲ್ಲೇ ನಿಲ್ಲುವುದಿಲ್ಲ. ಅದೇ ರಷ್ಯಾದಲ್ಲಿ 2012ರಲ್ಲಿ ಬ್ಲಾಕ್ ಪಟ್ಟಿ ಶುರುವಾದದ್ದು ಮಕ್ಕಳ ರಕ್ಷಣೆಯ ಹೆಸರಲ್ಲಿ. 2013ರಲ್ಲಿ ಪೈರಸಿ ಚಲನಚಿತ್ರಗಳು ಸೇರಿಕೊಂಡವು, 2015ರಲ್ಲಿ ಹಾಡುಗಳೂ ಬಂದವು. ಈ ನಡುವೆ 2014ರ ಫೆಬ್ರವರಿಯಿಂದ, ಅನುಮತಿ ಇಲ್ಲದ ಪ್ರತಿಭಟನೆಗೆ ಕರೆ ಕೊಡುವ ಸೈಟ್‌ಗಳನ್ನು ಕೋರ್ಟ್ ಆದೇಶವೇ ಇಲ್ಲದೆ ಮುಚ್ಚಬಹುದು ಎಂದಾಯಿತು. ಮಾರ್ಚ್‌ನಲ್ಲಿ ಸರ್ಕಾರವನ್ನು ಟೀಕಿಸುತ್ತಿದ್ದ ಸುದ್ದಿ ಸೈಟ್‌ಗಳು ಮುಚ್ಚಿದವು.

ಅಮೆರಿಕದಲ್ಲಿ ಪೈರಸಿ ಸೈಟ್‌ಗಳನ್ನು ತಡೆಯಲು ಇಂಥದ್ದೇ ಅಧಿಕಾರ ಕೊಡಲು ಹೊರಟ ಸೋಪಾ ಎಂಬ ಮಸೂದೆಯ ವಿರುದ್ಧ ಜನ ಎದ್ದು ನಿಂತರು. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ 24 ಗಂಟೆ ಪುಟಗಳನ್ನು ಕಪ್ಪು ಮಾಡಿತು. ಎರಡೇ ದಿನದಲ್ಲಿ ಮಸೂದೆಯನ್ನು ಬದಿಗಿಟ್ಟರು.

ಹಾಗಾದರೆ ಪೈರಸಿಯನ್ನು ಸುಮ್ನೆ ಬಿಡಬೇಕಾ? ಖಂಡಿತ ಬೇಡ. ಆದರೆ ಬರೀ ಬೀಗ ಹಾಕುವುದರಿಂದ ಅದು ನಿಲ್ಲುವುದಿಲ್ಲ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ, ಅಷ್ಟೆ. ಜನ ಹಾಡು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಎಂಬ ಸೇವೆ ಹಾಡಿನ ಪಟ್ಟಿಯನ್ನು ತನ್ನದೇ ಸರ್ವರ್‌ನಲ್ಲಿ ಇಟ್ಟುಕೊಂಡಿತ್ತು. 2001ರಲ್ಲಿ ಕೋರ್ಟ್ ಹಿಡಿದಾಗ ನಿಂತಿತು. ಆಮೇಲೆ ಬಂದವರು ಪಟ್ಟಿಯನ್ನೇ ಚದುರಿಸಿದರು. 2006ರ ಮೇ 31ರಂದು ಸ್ವೀಡನ್ ಪೊಲೀಸರು ಪೈರೇಟ್ ಬೇ ಎಂಬ ಟೊರೆಂಟ್ ಸೈಟಿನ ಸರ್ವರ್‌ಗಳನ್ನು ಹೊತ್ತೊಯ್ದರು. ಮೂರು ದಿನದಲ್ಲಿ ಸೈಟ್ ವಾಪಸ್ ಬಂತು. ಅದೇ ಸ್ವೀಡನ್‌ನಲ್ಲಿ 2008ರಲ್ಲಿ ಸ್ಪಾಟಿಫೈ ಎಂಬ ಹಾಡು ಕೇಳಿಸುವ ಸೇವೆ ಶುರುವಾಯಿತು. ಹುಡುಕಿದ ಹಾಡು ತಕ್ಷಣ ಕೇಳಿಸುತ್ತದೆ, ವೈರಸ್ ಭಯವಿಲ್ಲ. ಪೈರಸಿಗಿಂತ ಸುಲಭವಾದ ದಾರಿ ಸಿಕ್ಕಾಗ ಬಹಳ ಜನ ತಾವಾಗಿಯೇ ಈಚೆ ಬಂದರು.

ದುಡ್ಡಿಗಾಗಿ ದೊಡ್ಡ ಮಟ್ಟದಲ್ಲಿ ಪೈರಸಿ ನಡೆಸುವವರ ಮೇಲೆ ಕೇಸ್ ಆಗಲಿ, ಅವರ ಜಾಹೀರಾತಿನ ದುಡ್ಡು ನಿಲ್ಲಲಿ. ಸೈಟ್ ತಡೆಯಲೇಬೇಕಾದರೆ ನ್ಯಾಯಾಧೀಶರು ಎರಡೂ ಕಡೆ ಕೇಳಿ, ಹೆಸರಿಟ್ಟು, ಅವಧಿ ಹೇಳಿ ಆದೇಶ ಕೊಡಲಿ. ತಡೆದ ಪುಟದಲ್ಲಿ ಯಾರು, ಏಕೆ ತಡೆದರು ಎಂದು ಬರೆದಿರಲಿ. ಇದಕ್ಕೆಂದೇ 451 ಎಂಬ ಸಂಕೇತ ಇದೆ. 404 ಎಂದರೆ ಪುಟ ಸಿಗಲಿಲ್ಲ, 451 ಎಂದರೆ ಕಾನೂನಿನ ಕಾರಣಕ್ಕೆ ಕೊಡುತ್ತಿಲ್ಲ. ತಡೆದದ್ದನ್ನು 'ಸಿಗಲಿಲ್ಲ' ಎಂದು ತೋರಿಸುವುದು ಓದುಗರಿಗೆ ಹೇಳುವ ಸುಳ್ಳು.

ಪ್ರಶ್ನೆ: ವಿಪಿಎನ್ ಹಾಕಿಕೊಂಡು ಡೌನ್‌ಲೋಡ್ ಮಾಡಿದರೆ ಸರಿನಾ?

ಉತ್ತರ: ವಿಪಿಎನ್ ನಿಮ್ಮ ವಿಳಾಸ ಮರೆಮಾಡುತ್ತದೆ, ತಪ್ಪನ್ನು ಸರಿಮಾಡುವುದಿಲ್ಲ. ಆದರೆ ಅದನ್ನು ಬಳಸುವವರೆಲ್ಲ ಕಳ್ಳರೂ ಅಲ್ಲ. ಪತ್ರಕರ್ತರಿಗೆ, ಕಚೇರಿ ಕೆಲಸ ಮನೆಯಿಂದ ಮಾಡುವವರಿಗೆ ಅದು ಬೇಕೇ ಬೇಕು.

ಪ್ರಶ್ನೆ: ನಾನು ವಯಲಿನ್ ಕಲಿಯುತ್ತಿದ್ದೇನೆ. ಇನ್ನೂರು ವರ್ಷಕ್ಕೂ ಹಳೆಯ ರಚನೆಯೊಂದನ್ನು ನಾನೇ ನುಡಿಸಿ ಯೂಟ್ಯೂಬ್‌ಗೆ ಹಾಕಿದೆ. ಬೇರೆ ಯಾರದ್ದೋ ಹಕ್ಕು ಎಂದು ನೋಟಿಸ್ ಬಂತು. ನಾನು ಕದ್ದಿಲ್ಲ. ಏನು ಮಾಡಲಿ?

ಉತ್ತರ: ಬೇಸರ ಮಾಡಿಕೊಳ್ಳಬೇಡಿ, ವಿಡಿಯೋ ಅಳಿಸಲೂ ಬೇಡಿ. ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಒಂದು ರಚನೆಯದ್ದು, ಇನ್ನೊಂದು ರೆಕಾರ್ಡಿಂಗ್‌ನದ್ದು. ಅಷ್ಟು ಹಳೆಯ ರಚನೆಯ ಹಕ್ಕು ಮುಗಿದಿರುತ್ತದೆ. ಅದನ್ನು ಈಚೆಗೆ ಯಾರೋ ನುಡಿಸಿ ಮಾಡಿದ ರೆಕಾರ್ಡಿಂಗ್‌ಗೆ ಮಾತ್ರ ಅವರ ಹಕ್ಕು. ನೀವು ಬಳಸಿದ್ದು ನಿಮ್ಮದೇ ಬೆರಳು, ನಿಮ್ಮದೇ ಬಿಲ್ಲು.

ಯೂಟ್ಯೂಬ್ 2007ರಲ್ಲಿ ತಂದ ಕಂಟೆಂಟ್ ಐಡಿ ಎಂಬ ಯಂತ್ರ ಧ್ವನಿಯ ಗುರುತನ್ನು ಹೋಲಿಸಿ ನೋಡುತ್ತದೆ. ಒಂದೇ ರಚನೆಯನ್ನು ಇಬ್ಬರು ನುಡಿಸಿದರೆ ಅದಕ್ಕೆ ಗೊಂದಲ ಆಗಬಹುದು. 2018ರಲ್ಲಿ ಆಸ್ಟ್ರೇಲಿಯದ ಸಂಗೀತಗಾರರೊಬ್ಬರು ತಾವೇ ತಯಾರಿಸಿ ಹಾಕಿದ್ದ ಹತ್ತು ಗಂಟೆಯ ಬರೀ ವೈಟ್ ನಾಯ್ಸ್‌ನ, ಅಂದರೆ ರೇಡಿಯೋ ಸ್ಟೇಷನ್ ಸಿಗದಾಗ ಬರುವಂಥ ಸದ್ದಿನ, ವಿಡಿಯೋ ಮೇಲೆ ಐದು ಹಕ್ಕಿನ ದೂರು ಬಂದಿದ್ದವು.

ನೋಟಿಸ್ ಜೊತೆಗಿರುವ ಆಕ್ಷೇಪಣೆಯ ಲಿಂಕ್ ಒತ್ತಿ. ರಚನೆಯ ಹಕ್ಕು ಮುಗಿದಿದೆ, ನುಡಿಸಿದ್ದು ಮತ್ತು ರೆಕಾರ್ಡ್ ಮಾಡಿದ್ದು ನಾನೇ ಎಂದು ಎರಡೇ ಸಾಲು ಬರೆಯಿರಿ. ಒಂದು ಎಚ್ಚರಿಕೆ: ಹಿನ್ನೆಲೆಗೆ ಬೇರೆಯವರ ಟ್ರ್ಯಾಕ್ ಹಾಕಿಕೊಂಡಿದ್ದರೆ, ಅಥವಾ ಈಗಿನವರು ಹೊಸದಾಗಿ ಹೊಂದಿಸಿದ ಸ್ವರಪ್ರತಿ ನೋಡಿ ನುಡಿಸಿದ್ದರೆ, ಹಾಗೆ ಬರೆಯಬೇಡಿ. ಅವಕ್ಕೆ ಬೇರೆ ಹಕ್ಕು ಇರಬಹುದು. ವಿಡಿಯೋವನ್ನು ಪೂರ್ತಿ ತೆಗೆದುಹಾಕಿದ್ದರೆ ಅದಕ್ಕೆ ಎದುರಾಗಿ ನೀವೂ ಒಂದು ನೋಟಿಸ್ (ಕೌಂಟರ್ ನೋಟಿಸ್) ಕೊಡಬಹುದು. ಅಮೆರಿಕದ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನ ಪ್ರಕಾರ ದೂರು ಕೊಟ್ಟವರು ಕೋರ್ಟ್‌ಗೆ ಹೋಗದಿದ್ದರೆ, 10ರಿಂದ 14 ಕೆಲಸದ ದಿನಗಳಲ್ಲಿ ಅದನ್ನು ವಾಪಸ್ ಹಾಕಬೇಕು. ಅಲ್ಲಿಯವರೆಗೆ ನೀವು ಮಾಡಿದ ಮೂಲ ರೆಕಾರ್ಡಿಂಗ್ ಫೈಲನ್ನು, ತಾರೀಕಿನ ಸಮೇತ, ಜೋಪಾನವಾಗಿ ಇಟ್ಟುಕೊಂಡಿರಿ.