ಬಾಯಿ ಕ್ಯಾನ್ಸರ್ ಆಪರೇಷನ್ ಆದ ಮಾವನನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು?

ಮಾವನ ಕೆನ್ನೆಯ ಗಡ್ಡೆಯ ಜೊತೆಗೆ ದವಡೆಯ ಮೂಳೆಯನ್ನೂ ತೆಗೆದಿದ್ದಾರೆ, ಇನ್ನೆರಡು ದಿನಕ್ಕೆ ಮನೆಗೆ ಕಳುಹಿಸುತ್ತಾರೆ, ಏನು ಮಾಡಬೇಕೋ ತೋಚುತ್ತಿಲ್ಲ ಎಂದು ಬರೆದಿದ್ದೀರಿ. ನಾಲ್ಕು ವರ್ಷದ ಹಿಂದೆ ನನ್ನ ಸ್ಥಿತಿಯೂ ಇದೇ ಆಗಿತ್ತು. ನನ್ನ ಚಿಕ್ಕಪ್ಪ ಹರೆಯದಿಂದಲೂ ಎಲೆ ಅಡಿಕೆ, ಕಡ್ಡಿಪುಡಿ ಹಾಕಿದವರು. ಅವರ ಬಲಗೆನ್ನೆ ತೆಗೆದು, ಆ ಜಾಗಕ್ಕೆ ಎದೆಯ ಮಾಂಸವನ್ನು ಚರ್ಮಸಮೇತ ತಂದು ಹೊಲಿದಿದ್ದರು.

ಮೊದಲ ವಾರ ನಿಮ್ಮ ಗಮನವೆಲ್ಲ ಆಹಾರ ಕೊಡಲು ಹಾಕಿದ ಮೂಗಿನ ಟ್ಯೂಬಿನ ಮೇಲೆಯೇ ಇರುತ್ತದೆ. ರಾಗಿ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ. ಒಂದು ಗಂಟು ಸಿಕ್ಕಿದರೂ ಕಟ್ಟಿಕೊಳ್ಳುತ್ತದೆ. ಕೊಡುವ ಮೊದಲೂ ಆಮೇಲೂ ಕುದಿಸಿ ಆರಿಸಿದ ನೀರು ಬಿಡಿ. ಒರಗಿ ಕೂತಿರಲಿ, ಕೊಟ್ಟ ತಕ್ಷಣ ಮಲಗಿಸಬೇಡಿ. ಟ್ಯೂಬ್ ಜಾರಿ ಬಂದರೆ ನೀವೇ ಒಳಗೆ ತಳ್ಳಬೇಡಿ, ಆಸ್ಪತ್ರೆಗೆ ಹೋಗಿ. ಕತ್ತಿನ ಗಾಯದಿಂದ ರಕ್ತವೋ ಎಂಜಲೋ ಬಂದರೆ, ಉಸಿರು ಕಟ್ಟಿದರೆ, ಹೊಲಿದ ಮಾಂಸ ಕಪ್ಪಾದರೆ ಬೆಳಗಾಗಲಿ ಎಂದು ಕಾಯಬೇಡಿ.

ಇದನ್ನೆಲ್ಲ ನಾವು ಸರಿಯಾಗಿಯೇ ಮಾಡಿದೆವು. ಎಡವಿದ್ದು ಬಾಯಿ ತೆರೆಸುವ ವ್ಯಾಯಾಮದಲ್ಲಿ. ಹೊಲಿಗೆ ಮಾಗಿದ ಮೇಲೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು, ದಿನಕ್ಕೆ ಹಲವು ಸಲ, ನಿಧಾನವಾಗಿ ಕಡ್ಡಿ ಹೆಚ್ಚಿಸಬೇಕು ಎಂದು ವೈದ್ಯರು ಹೇಳಿ ಕಳುಹಿಸಿದ್ದರು. ಕಡ್ಡಿ ಇಟ್ಟರೆ ಚಿಕ್ಕಪ್ಪನ ಕಣ್ಣಲ್ಲಿ ನೀರು. "ಇವತ್ತೊಂದು ದಿನ ಬಿಡಪ್ಪಾ" ಎಂದು ಚಿಕ್ಕಮ್ಮ ನನ್ನ ಕೈ ಹಿಡಿಯುತ್ತಿದ್ದರು. ಹಾಗೆ ಬಿಟ್ಟದ್ದು ಮೂರು ವಾರ. ಹನ್ನೊಂದು ಕಡ್ಡಿ ಹಿಡಿಯುತ್ತಿದ್ದ ಬಾಯಿ ಏಳಕ್ಕೆ ಇಳಿಯಿತು. ರೇಡಿಯೇಷನ್ ಶುರುವಾದ ಮೇಲಂತೂ ಒಂದೊಂದು ಕಡ್ಡಿಗೂ ತಿಂಗಳುಗಟ್ಟಲೆ ಹೆಣಗಿದೆವು. ಚಿಕ್ಕಪ್ಪ ಈಗಲೂ ಇಡ್ಲಿಯನ್ನು ಸಾರಿನಲ್ಲಿ ಕಿವುಚಿಯೇ ತಿನ್ನುತ್ತಾರೆ. ದಯವಿಟ್ಟು ನೀವು ಹೀಗೆ ಮಾಡಬೇಡಿ. ನೋವಿನ ಮಾತ್ರೆ ಕೊಟ್ಟು, ಅದು ಹಿಡಿದ ಮೇಲೆ ಮಾಡಿಸಿ. ಎಷ್ಟು ಕಡ್ಡಿ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಕತ್ತಿನ ಗಂಟುಗಳನ್ನು ತೆಗೆದಿದ್ದರೆ ತೋಳು ಎತ್ತುವುದೂ ಕಷ್ಟ, ಭುಜದ ವ್ಯಾಯಾಮವನ್ನೂ ಕೇಳಿಕೊಂಡು ಬನ್ನಿ.

ರೇಡಿಯೇಷನ್ ಬೇಕೆಂದಿದ್ದರೆ ಅದು ಆಪರೇಷನ್ ಆಗಿ 6 ವಾರದೊಳಗೆ ಶುರುವಾಗುವಂತೆ ಓಡಾಡಿ. ಅದಕ್ಕೂ ಮೊದಲೇ ಹಲ್ಲು ತೋರಿಸಿ. ಮನೆಯಿಂದ ಎಲೆ ಅಡಿಕೆ ತಟ್ಟೆಯನ್ನು ಎತ್ತಿಬಿಡಿ, ನೆಂಟರು ಬಂದರೂ ಬೇಡ.

ಇನ್ನೊಂದು ಸಂಗತಿಯನ್ನು ನಮಗೆ ಯಾರೂ ಹೇಳಿರಲಿಲ್ಲ. ಎದೆಯ ಚರ್ಮ ಹೊಲಿದಿದ್ದರೆ ಬಾಯೊಳಗೆ ಕೂದಲು ಬೆಳೆಯಬಹುದು. ಒಂದು ಬೆಳಗ್ಗೆ ಅದು ನಾಲಿಗೆಗೆ ತಗುಲಿ ಚಿಕ್ಕಪ್ಪ ಹೆದರಿ, ಸ್ಲೇಟಿನಲ್ಲಿ "ಮತ್ತೆ ಬಂತು" ಎಂದು ಬರೆದು ನನ್ನ ಮುಂದೆ ಹಿಡಿದರು. ಮಾವನಿಗೂ ಎದೆಯ ಚರ್ಮವನ್ನೇ ಹಾಕಿದ್ದರೆ ಇದನ್ನು ಮೊದಲೇ ಹೇಳಿಡಿ.

ಸ್ಲೇಟು ಎಂದಾಗ ನೆನಪಾಯಿತು. ನೋಡಲು ಬಂದವರೆಲ್ಲ ಚಿಕ್ಕಪ್ಪನ ಎದುರಿಗೇ ಚಿಕ್ಕಮ್ಮನನ್ನು "ಹೇಗಿದ್ದಾರೆ?" ಎಂದು ಕೇಳುತ್ತಿದ್ದರು. ಚಿಕ್ಕಪ್ಪ ಬಳಪ ಹಿಡಿದು ಒಂದು ಪದ ಬರೆಯುವಷ್ಟರಲ್ಲಿ ಮಾತು ಬೇರೆಲ್ಲಿಗೋ ಹೋಗಿರುತ್ತಿತ್ತು. ಅವರು ಸ್ಲೇಟನ್ನು ಮಗುಚಿ ಇಟ್ಟುಬಿಡುತ್ತಿದ್ದರು. ಬಂದವರಿಗೆ ಬಾಗಿಲಲ್ಲೇ ಹೇಳಿ: ಮಾವನನ್ನೇ ಕೇಳಲಿ, ಅವರು ಬರೆದು ಮುಗಿಸುವವರೆಗೂ ಕಾಯಲಿ.