ಭೀಮೆಯ ನೀರು ಕಡಲು ಮುಟ್ಟಿದಾಗ

ಜೇವರ್ಗಿ ತಾಲ್ಲೂಕಿನ ಶಿಕ್ಷಕರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಕರಾವಳಿಯ ಸೂಕ್ಷ್ಮಜೀವಿಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಸಮುದ್ರವನ್ನೇ ಕಾಣದ ನಮ್ಮ ಮಕ್ಕಳಿಗೆ ಅದರಿಂದೇನು? ಕೊಳಚೆ ಸೇರಿದರೆ ಅವು ಸಾಯುತ್ತವೆ ಎಂದರೆ ಸಾಲದೇ?’

ಸಂಪಾದಕರ ಉತ್ತರ:

ಗುರುಗಳೇ, ಸಾಲದು. ಕಟ್ಟಿ ಸಂಗಾವಿ ಸೇತುವೆಯ ಕೆಳಗೆ ಹರಿಯುವ ಭೀಮೆ ಪುಣೆಯ ಕೊಳಚೆಯ ಜೊತೆಗೆ ನಮ್ಮ ಊರುಗಳ ಚರಂಡಿಯನ್ನೂ ಹೊತ್ತು ಕೃಷ್ಣೆಯನ್ನು ಕೂಡುತ್ತಾಳೆ. ಕೃಷ್ಣೆ ಹಂಸಲದೀವಿಯಲ್ಲಿ ಬಂಗಾಳಕೊಲ್ಲಿ ಸೇರುತ್ತಾಳೆ. ಆ ನೀರು ಕಡಲಿಗೆ ಮೊದಲು ತರುವುದು ಸಾವನ್ನಲ್ಲ, ಪಾಚಿಯ ವಿಪರೀತ ಹುಲುಸನ್ನು.

ಕೊಳಚೆಯಲ್ಲೂ ಗೊಬ್ಬರದಲ್ಲೂ ಇರುವುದು ಸಾರಜನಕ, ರಂಜಕ. ತೊಗರಿ ತನ್ನ ಸಾರಜನಕವನ್ನು ಬಹುಮಟ್ಟಿಗೆ ತಾನೇ ಒದಗಿಸಿಕೊಳ್ಳುತ್ತದೆ. ಆದರೆ ಶಹಾಪುರ, ಸುರಪುರದ ಕಾಲುವೆ ಕೆಳಗಿನ ಭತ್ತಕ್ಕೆ ಎರಚಿದ ಯೂರಿಯಾದಲ್ಲಿ ದೊಡ್ಡ ಪಾಲು ಬೆಳೆಗೆ ದಕ್ಕುವುದೇ ಇಲ್ಲ; ಅದರಲ್ಲಿ ಒಂದಿಷ್ಟು ನದಿ ಸೇರುತ್ತದೆ.

ಕಡಲಿನಲ್ಲಿ ಮೀನಿನ ಅನ್ನಕ್ಕೆ ಮೂಲ ಡಯಾಟಮ್ ಎಂಬ ಏಕಕೋಶದ ಪಾಚಿ. ಅದು ಸಿಲಿಕಾದಿಂದ ಗಾಜಿನ ಕವಚ ಕಟ್ಟಿಕೊಳ್ಳುತ್ತದೆ. ಸಾರಜನಕದಷ್ಟೇ ಸಿಲಿಕಾವೂ ಅದಕ್ಕೆ ಬೇಕು. ಬಂಡೆ ಸವೆದು ಬರುವ ಸಿಲಿಕಾವನ್ನು ಕಡಲಿಗೆ ಒಯ್ಯುವುದು ನದಿ. ಆ ದಾರಿಯಲ್ಲಿ ಉಜನಿ, ಶ್ರೀಶೈಲಂ, ನಾಗಾರ್ಜುನಸಾಗರ ಅಡ್ಡ ನಿಂತಿವೆ. ಜಲಾಶಯದ ಡಯಾಟಮ್‌ಗಳು ಸಿಲಿಕಾ ಹೀರಿ ಬೆಳೆದು, ಸತ್ತು, ಅಲ್ಲೇ ತಳಕ್ಕೆ ಇಳಿಯುತ್ತವೆ. ಸಿಲಿಕಾ ಕಟ್ಟೆಯ ಹಿಂದೆ ಉಳಿಯುತ್ತದೆ, ಸಾರಜನಕ ಮಾತ್ರ ಕೆಳಗೂ ಸೇರುತ್ತಲೇ ಹೋಗುತ್ತದೆ. ಹೀಗೆ ಪ್ರಮಾಣ ತಪ್ಪಿದ ನೀರಿನಲ್ಲಿ ಡಯಾಟಮ್ ಹಿಂದೆ ಬಿದ್ದು, ಸಿಲಿಕಾ ಬೇಡದ ಪಾಚಿಗಳು ಮೇಲುಗೈ ಸಾಧಿಸುತ್ತವೆ. ಅವುಗಳಲ್ಲಿ ಕೆಲವು ವಿಷಕಾರಿ. ಡಯಾಟಮ್ ಮೇಯುವ, ಸಾಸಿವೆ ಕಾಳಷ್ಟೂ ಇಲ್ಲದ, ಸಿಗಡಿಯ ಬಂಧುಗಳಾದ ಕೋಪೆಪಾಡ್‌ಗಳಿಗೆ, ಅವನ್ನು ನಂಬಿದ ಮೀನುಮರಿಗಳಿಗೆ ಊಟ ತಪ್ಪುತ್ತದೆ.

ಯಾರೂ ಮೇಯದೆ ಉಳಿದ ಪಾಚಿ ತಳದಲ್ಲಿ ಕೊಳೆಯುವಾಗ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಮಿಸಿಸಿಪ್ಪಿ ನದಿ ತಂದ ಗೊಬ್ಬರದಿಂದಾಗಿ 2017ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ, ತಳದ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕವೂ ಉಳಿಯದ ಪ್ರದೇಶ 22,000 ಚದರ ಕಿಲೋಮೀಟರ್ ದಾಟಿತ್ತು. ನಮ್ಮ ಕಲಬುರಗಿ ಜಿಲ್ಲೆಯ ಎರಡು ಪಟ್ಟು!

ನೀವು ಹೇಳುವ ನೇರ ಸಾವು ಕೀಟನಾಶಕದಿಂದ ಬರುತ್ತದೆ. ಹತ್ತಿಯ ಕಾಯಿಕೊರಕಕ್ಕೆ ಹೊಡೆಯುವ ಪೈರೆಥ್ರಾಯ್ಡ್ ಔಷಧ ಕೋಪೆಪಾಡನ್ನೂ ಬಿಡುವುದಿಲ್ಲ, ಹುಳು, ಕೋಪೆಪಾಡ್ ಎರಡೂ ಸಂಧಿಪದಿಗಳೇ (ಕೀಲುಕಾಲಿನ ಜೀವಿಗಳು).

ಮಕ್ಕಳಿಗೆ ಇದನ್ನೆಲ್ಲ ಬಾಯಲ್ಲಿ ಹೇಳುವುದಕ್ಕಿಂತ ತೋರಿಸಿ. ನೀರು ಇಳಿದಾಗ ಭೀಮೆಯ ದಡದ ಕಲ್ಲಿನ ಮೇಲಿನ ಕಂದು ಲೋಳೆಯನ್ನು ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಉಜ್ಜಿ ತೆಗೆದು, ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಲಿ. ಹೊಂಗಂದು ಬಣ್ಣದ, ದೋಣಿಯಾಕಾರದ ಡಯಾಟಮ್‌ಗಳು ತಾವಾಗಿಯೇ ಜಾರುತ್ತಿರುತ್ತವೆ. ಊರ ಚರಂಡಿ ನದಿ ಸೇರುವ ಜಾಗಕ್ಕಿಂತ ಮೇಲೊಂದು, ಕೆಳಗೊಂದು ಕಲ್ಲು ಆರಿಸಿಕೊಂಡು, ಎಷ್ಟು ಬಗೆಯ ಕವಚಗಳಿವೆ ಎಂದು ಹೋಲಿಸಿ ಚಿತ್ರ ಬರೆಯಲಿ. ಕಳುಹಿಸಿಕೊಡಿ, ಅವರ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.