ಶೂಟಿಂಗ್ ಅಭ್ಯಾಸ ಮಾಡುವ ತಂದೆಯಿಂದ ಏಳು ತಿಂಗಳ ಮಗುವಿಗೆ ಸೀಸ ತಗಲಬಹುದೇ?

ಪುಣೆಯ ಒಳಾಂಗಣ ಶೂಟಿಂಗ್ ರೇಂಜೊಂದರಲ್ಲಿ ಗಾಳಿಯ ಒತ್ತಡದಿಂದ ಹಾರಿಸುವ ಏರ್ ರೈಫಲನ್ನೂ ಆಗೀಗ ಮದ್ದುಗುಂಡಿನ .22 ರೈಫಲನ್ನೂ ಅಭ್ಯಾಸ ಮಾಡುವ ನೀವು, ಮನೆಯಲ್ಲಿ ಏಳು ತಿಂಗಳ ಮಗು ತೆವಳಲಾರಂಭಿಸಿರುವುದರಿಂದ ಈ ಹವ್ಯಾಸವನ್ನು ಬಿಟ್ಟೇಬಿಡಬೇಕೇ ಎಂದು ಕೇಳಿದ್ದೀರಿ. ಬಿಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಸೀಸದ ಧೂಳು ಹತ್ತಿರುವ ರೇಂಜಿನ ಬಟ್ಟೆ, ಬೂಟು ಮತ್ತು ಚೀಲ ಮಗುವಿರುವ ಜಾಗಕ್ಕೆ ಬರಲೇಬಾರದು, ಮತ್ತು ಈ ವಿಷಯದಲ್ಲಿ ರಿಯಾಯಿತಿ ಇರಬಾರದು.

ಪಿಂಪ್ರಿ-ಚಿಂಚ್‌ವಡದ ಕಡೆ, ಸೀಸ ಬಳಸುವ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಪ್ರತಿ ಕಾರ್ಮಿಕನಿಗೂ ಎರಡು ಲಾಕರ್‌ಗಳಿರುತ್ತವೆ. ಒಂದರಲ್ಲಿ ಕೆಲಸದ ಬಟ್ಟೆ, ಇನ್ನೊಂದರಲ್ಲಿ ಮನೆಯ ಬಟ್ಟೆ, ಎರಡರ ನಡುವೆ ಸ್ನಾನದ ಕೋಣೆ. ಸ್ನಾನ ಮಾಡದೆ ಈ ಕಡೆಯಿಂದ ಆ ಕಡೆಗೆ ದಾಟುವಂತಿಲ್ಲ. ಹಿಟ್ಟಿನ ಗಿರಣಿಯಿಂದ ಬಂದವನ ಮೈಮೇಲೆ ಹಿಟ್ಟು ಕಾಣುತ್ತದೆ, ಸೀಸದ ಧೂಳು ಹಾಗೆ ಕಾಣುವುದಿಲ್ಲವಾದ್ದರಿಂದಲೇ ಇಷ್ಟು ಕಟ್ಟುನಿಟ್ಟು. ಹವ್ಯಾಸಕ್ಕೆ ಹೋಗುವವರಿಗೆ ಇಂಥ ವ್ಯವಸ್ಥೆಯನ್ನು ಯಾರೂ ಮಾಡಿಕೊಡುವುದಿಲ್ಲ. ಅದನ್ನು ನೀವೇ ಮಾಡಿಕೊಳ್ಳಬೇಕು.

ಪೆಲೆಟ್, ಅಂದರೆ ಏರ್ ರೈಫಲಿನ ಪುಟ್ಟ ಸೀಸದ ಗುಂಡು, ತುಂಬುವಾಗ ಬೆರಳಿಗೆ ಹತ್ತುವ ಬೂದು ಬಣ್ಣವೇ ಸೀಸ. ಗುರಿಯ ಹಿಂದಿನ ಲೋಹದ ಪೆಟ್ಟಿಗೆಗೆ ಬಡಿದಾಗ ಅದು ಮತ್ತಷ್ಟು ಪುಡಿಯಾಗುತ್ತದೆ. ಸಾಮಾನ್ಯ .22 ಗುಂಡಿನ ವಿಷಯ ಇನ್ನೂ ಗಂಭೀರ, ಏಕೆಂದರೆ ಅದನ್ನು ಸಿಡಿಸುವ ಪ್ರೈಮರ್‌ನಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ ಇರುತ್ತದೆ, ಮತ್ತು ಅದರ ಹೊಗೆ ಕೂದಲು, ಬಟ್ಟೆಗಳ ಮೇಲೆ ಕೂರುತ್ತದೆ. ಒಂದು ಏರ್ ರೈಫಲ್ ಪೆಲೆಟ್ ಸುಮಾರು ಅರ್ಧ ಗ್ರಾಂ ತೂಗುತ್ತದೆ. ಮಕ್ಕಳ ಆಹಾರದಲ್ಲಿನ ಸೀಸಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಟ್ಟುಕೊಂಡಿರುವ ಎಚ್ಚರಿಕೆಯ ಮಟ್ಟ ದಿನಕ್ಕೆ 2.2 ಮೈಕ್ರೋಗ್ರಾಂ. ಲೆಕ್ಕ ಹಾಕಿದರೆ ಒಂದು ಪೆಲೆಟ್ಟಿನಲ್ಲಿ ಅದರ ಎರಡು ಲಕ್ಷ ಪಟ್ಟಿಗೂ ಹೆಚ್ಚು ಸೀಸವಿದೆ. ಅಷ್ಟೂ ಮಗುವಿನ ಬಾಯಿಗೆ ಹೋಗುವುದಿಲ್ಲ, ನಿಜ. ಆದರೆ ಎಷ್ಟು ಕಡಿಮೆ ಧೂಳು ಸಾಕು ಎಂಬುದು ಇದರಿಂದ ತಿಳಿಯುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಸುಮಾರು ಹತ್ತನೆಯ ಒಂದು ಭಾಗವನ್ನು ಹೀರಿಕೊಂಡರೆ, ಹಸುಗೂಸಿನ ದೇಹ ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ಮಕ್ಕಳಿಗೆ ಸುರಕ್ಷಿತವೆನ್ನಬಹುದಾದ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಪ ಪ್ರಮಾಣದ ಸೀಸ ಬುದ್ಧಿಶಕ್ತಿ ಮತ್ತು ಏಕಾಗ್ರತೆಯನ್ನು ಕುಗ್ಗಿಸುತ್ತದೆ. ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ.

ಆದ್ದರಿಂದ ಅಭ್ಯಾಸ ಮುಗಿದ ಕೂಡಲೇ, ಸ್ಕೂಟರ್ ಹತ್ತುವ ಮೊದಲೇ, ರೇಂಜಿನಲ್ಲೇ ಸೋಪು ಹಚ್ಚಿ ಕೈ ಮತ್ತು ಮುಖ ತೊಳೆದು, ಬಟ್ಟೆ ಬೂಟು ಬದಲಿಸಿ, ಕಳಚಿದ್ದನ್ನು ಬಾಯಿ ಕಟ್ಟುವ ಚೀಲದಲ್ಲಿ ಹಾಕಿಕೊಳ್ಳಿ. ಮನೆ ತಲುಪಿದ ಮೇಲೆ ತಲೆಗೆ ಸ್ನಾನ ಮಾಡಿದ ನಂತರವೇ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆಯನ್ನು ಕೊಡವದೆ, ಬೇರೆ ಬಟ್ಟೆಗಳ ಜೊತೆ ಸೇರಿಸದೆ, ನೀವೇ ಒಗೆಯಿರಿ. ನಮ್ಮ ಮನೆಗಳಲ್ಲಿ ಈ ಕೆಲಸ ಯಾರ ಪಾಲಿಗೆ ಬರುತ್ತದೆಂಬುದು ಗೊತ್ತಿರುವುದರಿಂದಲೇ ಇದನ್ನು ಹೇಳುತ್ತಿದ್ದೇನೆ, ಹಾಲೂಡಿಸುವ ತಾಯಿ ಅದನ್ನು ಮುಟ್ಟುವುದು ಬೇಡ. ಬಾಲ್ಕನಿಯಲ್ಲಿ ಅಭ್ಯಾಸ ಮಾಡುವುದು, ಊಟದ ಮೇಜಿನ ಮೇಲೆ ನಳಿಗೆ ಒರೆಸುವುದು, ಇವೆರಡನ್ನೂ ಪೂರ್ತಿ ನಿಲ್ಲಿಸಿ. ಮನೆಗೆಲಸದವರು ಮೊದಲು ಪೊರಕೆಯಿಂದ ಗುಡಿಸಿ ಆಮೇಲೆ ಒರೆಸುವುದು ರೂಢಿ. ಒಣ ಪೊರಕೆ ಧೂಳನ್ನು ಎಬ್ಬಿಸುವುದರಿಂದ, ಮಗು ತೆವಳುವ ನೆಲಕ್ಕೆ ಒದ್ದೆ ಬಟ್ಟೆಯೇ ಸರಿ. ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ನೆಲದ ಮೇಲೆ ಕುಳಿತ ಧೂಳಿಗೆ ಏರ್ ಪ್ಯೂರಿಫೈಯರ್ ಕೊಳ್ಳುವುದೂ ನನ್ನ ದೃಷ್ಟಿಯಲ್ಲಿ ದುಂದು.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿರುವ ಮಗುವಿನ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಏಳು ತಿಂಗಳೆಂದರೆ ಹೇಗೂ ರಾಗಿ ಸರಿ ಶುರುವಾಗುವ ಕಾಲ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಕಬ್ಬಿಣದ ಹನಿಗಳು ಬೇಕೇ ಎಂದು ಮಕ್ಕಳ ವೈದ್ಯರನ್ನು ಕೇಳಿ. ಊರಿನಿಂದ ಬಂದ ಅಜ್ಜಿ ಸುರ್ಮಾ ಅಥವಾ ಅಂಗಡಿಯ ಕಾಡಿಗೆ ಹಚ್ಚಲು ಹೊರಟರೆ ಮೃದುವಾಗಿ ತಡೆಯಿರಿ, ಕೆಲವದರಲ್ಲಿ ಸೀಸವೇ ಇರುತ್ತದೆ. ವಿಷ ತೆಗೆಯುತ್ತದೆಂದು ಯಾರಾದರೂ ಭಸ್ಮ ಕೊಟ್ಟರೆ ಅದನ್ನೂ ಕೊಡಬೇಡಿ. ನಾಗ ಭಸ್ಮವನ್ನು ಸೀಸದಿಂದಲೇ ತಯಾರಿಸುತ್ತಾರೆ.

ನೀವು ಈಗಾಗಲೇ ಕೆಲವು ತಿಂಗಳಿಂದ ರೇಂಜಿನ ಬಟ್ಟೆಯಲ್ಲೇ ಮನೆಗೆ ಬರುತ್ತಿರುವುದರಿಂದ ಮಗುವಿನ ರಕ್ತದ ಸೀಸವನ್ನು ಪರೀಕ್ಷಿಸುವುದು ಒಳ್ಳೆಯದು. ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಸೀಸ ಬೆರೆತು ತಪ್ಪು ಅಂಕಿ ಬರಬಹುದು, ಹಾಗಾಗಿ ರಕ್ತನಾಳದಿಂದಲೇ ತೆಗೆಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2021ರಿಂದ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಅನ್ನು ಉಲ್ಲೇಖ ಮಟ್ಟವಾಗಿ ಇಟ್ಟುಕೊಂಡಿದೆ. ಅದಕ್ಕಿಂತ ಹೆಚ್ಚು ಬಂದರೆ ಮೂಲವನ್ನು ಹುಡುಕಿ ತೆಗೆದು ಮತ್ತೆ ಪರೀಕ್ಷಿಸುವುದೇ ಮುಖ್ಯ ಕ್ರಮ. ಸೀಸವನ್ನು ಹೊರಹಾಕುವ ಔಷಧಿಯನ್ನು ಸಾಮಾನ್ಯವಾಗಿ ಆ ಮಟ್ಟ 45 ಮೈಕ್ರೋಗ್ರಾಂ ದಾಟಿದ ಮೇಲಷ್ಟೇ ಕೊಡುತ್ತಾರೆ. ನಿಮ್ಮ ರಕ್ತವನ್ನೂ ಅದೇ ದಿನ ಕೊಡಿ. ಅದರ ಅಂಕಿ ಹೆಚ್ಚಿದ್ದರೆ ರೇಂಜಿನ ಗಾಳಿಯ ವ್ಯವಸ್ಥೆ ಸರಿಯಿಲ್ಲವೆಂದೇ ನಾನು ಮೊದಲು ಅನುಮಾನಿಸುತ್ತೇನೆ, ಆಗ ಕನಿಷ್ಠ .22 ರೈಫಲನ್ನಾದರೂ ನಿಲ್ಲಿಸಿ, ಇಲ್ಲವೇ ಹೊರಾಂಗಣ ರೇಂಜಿಗೆ ಬದಲಾಯಿಸಿಕೊಳ್ಳಿ.